ಮಾವನ ಕೈಯಲ್ಲಿದ್ದದ್ದು

ನಮ್ಮ ವೈನವತು ಹೇಳಿಕೊಳ್ಳುವಂಥ ಹೊಳೆಯಲ್ಲ. ಮಳೆಯಿಲ್ಲದ ತಿಂಗಳಲ್ಲಿ ಬಟ್ಟೆಯನ್ನು ಮೊಣಕಾಲಿಗೆ ಎತ್ತಿಕೊಂಡರೆ ಸಾಕು, ಮಾತಾಡುತ್ತ ದಾಟಬಹುದು. ನಕ್ಷೆಯಲ್ಲಿ ಇದಕ್ಕೆ ಹೆಸರೇ ಇಲ್ಲವೆಂದು ಶಾಲೆಯ ಮೇಷ್ಟ್ರೊಬ್ಬರು ಒಮ್ಮೆ ಹೇಳಿದಾಗ ನನಗೆ ಮೈಯೆಲ್ಲ ಉರಿದಿತ್ತು. ಮೇಲೆ ಬೆಟ್ಟದ ಮಗ್ಗುಲಲ್ಲಿ ನಕಲೌ ಊರು, ಕೆಳಗೆ ಸಮುದ್ರದ ಹತ್ತಿರ ನಮ್ಮೂರು ಮತಾವೈ. ಅವರು ಕಾಲು ತೊಳೆದ ನೀರು ನಮಗೆ ಬರುತ್ತದೆಂದು ಅವರು ಆಡಿಕೊಳ್ಳುತ್ತಾರೆ, ನಾವು ತಿಂದು ಬಿಟ್ಟ ಉಪ್ಪು ಅವರ ಸಾರಿಗೆ ಬೀಳುತ್ತದೆಂದು ನಾವು. ಹೀಗೆ ಆಡಿಕೊಳ್ಳುತ್ತಲೇ ಅಜ್ಜಂದಿರ ಕಾಲದಿಂದ ಹೆಣ್ಣು ಕೊಟ್ಟು ತಂದು ಮಾಡಿದ್ದೇವೆ.

ಹಾಗೆ ನಕಲೌನಿಂದ ಬಂದವಳು ಮಿಲಿಯಾನಾ. ನನ್ನ ಅಣ್ಣ ಅಪೋಲೋಸಿಯ ಸೊಸೆ, ಅವನ ಮಗ ಸೈಮೋನಿಯ ಹೆಂಡತಿ. ಗಂಡ ತೀರಿದ ಮೇಲೆ ನಾನು ತವರಿಗೆ ಬಂದು ಅಣ್ಣನ ಅಂಗಳದಲ್ಲೇ ಒಂದು ಗುಡಿಸಲಲ್ಲಿ ಇದ್ದೇನೆ, ಹಾಗಾಗಿ ಆ ಹುಡುಗಿಯ ಜೊತೆ ದಿನವೂ ಹೊಳೆಗಿಳಿಯುತ್ತಿದ್ದವಳು ನಾನೇ. ಕಪ್ಪೆಚಿಪ್ಪು ಹುಡುಕಲು ನಾವೆಲ್ಲ ಕೈಯಲ್ಲಿ ಕೆಸರು ಕೆದಕಿದರೆ ಅವಳು ಕಾಲಿನ ಬೆರಳಲ್ಲೇ ಹುಡುಕಿ ತೆಗೆಯುತ್ತಿದ್ದಳು. ಬುಟ್ಟಿ ತುಂಬಿದ ಮೇಲೆ ನನ್ನ ಬುಟ್ಟಿ ನೋಡಿ, 'ಅತ್ತೆ, ಇದು ಬೆಕ್ಕಿಗಾ, ಮನೆಗಾ?' ಅನ್ನುತ್ತಿದ್ದಳು. ಅವಳಿಗೆ ಜ್ವರ ಬಂತು. ಬಿದಿರ ತೆಪ್ಪದಲ್ಲಿ ಮಲಗಿಸಿ ಹೊಳೆಬಾಯಿಯ ಆಚೆಯ ರಸ್ತೆಗೆ ಒಯ್ಯುವಾಗ, ತೆಪ್ಪ ಹೊಳೆಬಾಯಿ ಮುಟ್ಟುವ ಮೊದಲೇ ಹೋದಳು. ತಲೆ ನನ್ನ ತೊಡೆಯ ಮೇಲಿತ್ತು.

ಸತ್ತವರಿಗಾಗಿ ನಾವು ಹೊಳೆಗೆ ತಂಬು, ಅಂದರೆ ಯಾರೂ ಮುಟ್ಟಬಾರದೆಂಬ ಕಟ್ಟು, ಹಾಕುತ್ತೇವೆ. ಅಪೋಲೋಸಿ ಮನೆತನದ ಹಿರಿಯ. ದೊಡ್ಡ ಮಾವಿನ ಮರದಿಂದ ಕರಿಬಂಡೆಯವರೆಗಿನ ನೀರಿನ ಎರಡೂ ತುದಿಗೆ ಅವನೇ ಕಂಬ ನೆಟ್ಟು ತೆಂಗಿನ ಗರಿಯ ಗಂಟು ಕಟ್ಟಿದ. ನೂರು ರಾತ್ರಿ ಕಳೆಯುವವರೆಗೆ ಅಲ್ಲಿ ಯಾರೂ ಮೀನು ಹಿಡಿಯುವಂತಿಲ್ಲ, ಮೀಯುವಂತಿಲ್ಲ, ಚಿಪ್ಪು ತೆಗೆಯುವಂತಿಲ್ಲ. ಆ ಮಡುವಿನಲ್ಲಿ ಬೆಳೆಯುವ ಮೀನೆಲ್ಲ ಸತ್ತವರದ್ದು. ತಂಬು ಎತ್ತುವ ದಿನ ಊರೆಲ್ಲ ಇಳಿದು ಹಿಡಿದು, ಅವರ ಹೆಸರಲ್ಲಿ ಒಟ್ಟಿಗೆ ಕೂತು ಉಂಡರೆ, ಅವರಿಗೂ ಬಿಡುಗಡೆ, ನಮಗೂ ಬಿಡುಗಡೆ.

ಮಿಲಿಯಾನಾ ಬಿಟ್ಟುಹೋದದ್ದು ಒಂದೇ ಕೂಸು, ಲಿತಿಯಾ. ಆಗಷ್ಟೇ ಮಾತು ಚೆನ್ನಾಗಿ ಬಂದಿತ್ತು. ಅಮ್ಮ ಎಲ್ಲಿ ಅಂತ ಕೇಳಿದಾಗ ಸೈಮೋನಿ, 'ಮೇಲೆ ನಕಲೌಗೆ ಹೋಗಿದ್ದಾಳೆ' ಅಂದುಬಿಟ್ಟ. ಬೇರೆ ಏನು ಹೇಳಲೂ ಅವನಿಗೆ ಬಾಯಿ ಬರಲಿಲ್ಲ. ನಮಗೂ ಬರಲಿಲ್ಲ. ಮನೆಯ ಹಿಂದೆ ಗೋರಿ ಇದ್ದರೂ ಊರಿಗೆ ಊರೇ ಆ ಸುಳ್ಳನ್ನು ಸಾಕಿತು.

ಆ ಕೂಸು ಇನ್ನೂ ನಕಲೌಗೆ ಮುಖ ತೋರಿಸಿರಲಿಲ್ಲ. ತಾಯಿಯ ಊರಿಗೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಸುಮ್ಮನೆ ನುಗ್ಗುವುದು ನಮ್ಮಲ್ಲಿಲ್ಲ. ಚಾಪೆ, ಮರದ ತೊಗಟೆಯ ಬಟ್ಟೆ, ಎಣ್ಣೆ ಎಲ್ಲ ಹೊತ್ತು ತಂದೆಯ ಕಡೆಯವರು ಮೆರವಣಿಗೆಯಲ್ಲಿ ಹೋಗಿ ಮುಖ ತೋರಿಸಬೇಕು. ಅಲ್ಲಿಯವರೆಗೆ ಮಗು ಆ ಊರಿನ ಹೊಸ್ತಿಲು ತುಳಿಯುವಂತಿಲ್ಲ. ಹಕ್ಕು ಮಾತ್ರ ಹುಟ್ಟುವಾಗಲೇ ಬಂದಿರುತ್ತದೆ. ಅಕ್ಕತಂಗಿಯರ ಮಕ್ಕಳು ಸೋದರಮಾವನ ಕೈಯಲ್ಲಿರುವ ಯಾವುದನ್ನು ಕೇಳಿದರೂ ಅದು ಅವರದ್ದೇ. ಹಂದಿಯಾಗಲಿ ದೋಣಿಯಾಗಲಿ, ಇಲ್ಲ ಅನ್ನುವಂತಿಲ್ಲ. ನನ್ನ ಗಂಡ ಒಮ್ಮೆ ಹೊಸ ಕೊಡಲಿ ತಂದು ಒಂದು ಮರ ಕೂಡ ಕಡಿದಿರಲಿಲ್ಲ, ಅವನ ಅಕ್ಕನ ಮಗ ಬಂದು ಹೆಗಲಿಗಿಟ್ಟುಕೊಂಡು ಹೋದ. ಹೋಗುವಾಗ ಹಿಡಿ ಸರಿಯಿಲ್ಲ ಅಂತ ಬೈದ ಬೇರೆ.

ಮಿಲಿಯಾನಾಳ ತಾಯಿ ಕೆಲೆರಾ, ನಮ್ಮ ಬೀಗತಿ. ಮೊಣಕಾಲು ಕೆಟ್ಟು ಕೂತವಳು. ಮಣ್ಣು ಮಾಡುವ ದಿನ ಅವಳನ್ನು ತೆಪ್ಪದಲ್ಲಿ ತಂದು, ಹೊತ್ತುಕೊಂಡು ವಾಪಸು ಒಯ್ದರು. ಹೊರಡುವಾಗ ಅವಳು ಅಪೋಲೋಸಿಯ ಕೈ ಹಿಡಿದುಕೊಂಡಳು.

'ಬೀಗ್ರೇ, ನಂಗೆ ಇನ್ನೇನೂ ಬೇಡ. ನಾನು ಕಣ್ಮುಚ್ಚೋದ್ರೊಳಗೆ ಆ ಮಗೂನ ನಮ್ಮೂರಿಗೆ ತಂದು ಮುಖ ತೋರ್ಸಿ. ಅದು ನಮ್ಮ ಮನೇಲಿ ಓಡಾಡೋದು ನೋಡ್ಬೇಕು. ಅಷ್ಟೇ.'

'ತಂಬು ಎತ್ತಿದ ಮಾರನೇ ದಿನಾನೇ ಬರ್ತೀವಿ,' ಅಂದ ಅಪೋಲೋಸಿ. ಅವಳ ಅಳು ನಿಲ್ಲದ್ದನ್ನು ನೋಡಿ, ಬೀಗರಲ್ಲವೇ, ಒಂದು ಮಾತು ಎಸೆದ. 'ಆದ್ರೆ ತಂಬು ಎತ್ತೋ ಊಟಕ್ಕೆ ನಿಮ್ಮೂರಿಂದ ಡಬ್ಬಿ ಮೀನು ತಂದು ನಮ್ಮ ಮರ್ಯಾದೆ ತೆಗೀಬೇಡಿ.'

ಆ ಕಣ್ಣೀರಿನಲ್ಲೂ ಕೆಲೆರಾ ನಕ್ಕಳು. 'ನೋಡ್ತಿರಿ. ನಿಮ್ಮೂರ ನಾಯಿಗಳೂ ಸಾಕು ಅನ್ನೋಷ್ಟು ಹೊಳೆ ಮೀನು ತರ್ತೀವಿ,' ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮಣ್ಣ ಅಂದದ್ದನ್ನು ಮರೆತ. ಅವಳು ಮರೆಯಲಿಲ್ಲ.

ತಂಬು ಎತ್ತುವ ಹಿಂದಿನ ದಿನ ಬೆಳಿಗ್ಗೆ ನಾನು ಊಟದ ಅಡಿಗೆಗೆ ಗುಂಡಿ ಒಲೆಯಲ್ಲಿ ಕಾಯಿಸುವ ಕಲ್ಲು ಆರಿಸುತ್ತಿದ್ದೆ. ಯಾವುದೋ ಮಗು ಓಡಿಬಂದು, 'ಹೊಳೆಯೆಲ್ಲ ಬೆಳ್ಳಗಾಗಿದೆ' ಅಂದಿತು. ಹೋಗಿ ನೋಡಿದರೆ ಮಾವಿನ ಮರದಿಂದ ಕರಿಬಂಡೆಯವರೆಗೆ ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿವೆ. ದೊಡ್ಡವು, ಮರಿಗಳು, ಸೀಗಡಿ, ತೋಳಿನ ಗಾತ್ರದ ಒಂದು ಹಾವುಮೀನು. ನಮ್ಮ ಹುಡುಗಿಗೆಂದು ಇಷ್ಟು ದಿನ ನಾವು ಕಣ್ಣಲ್ಲೇ ಕಾದ ಮೀನು. ತಂಬು ಎತ್ತಲು ಇನ್ನೂ ಒಂದು ರಾತ್ರಿ ಬಾಕಿ, ಆದ್ದರಿಂದ ಯಾರೂ ಕೈ ಹಾಕುವಂತಿರಲಿಲ್ಲ. ಊರೆಲ್ಲ ದಂಡೆಯ ಮೇಲೆ ನಿಂತು, ಅವು ಬಿಸಿಲಿಗೆ ಉಬ್ಬುವುದನ್ನು ನೋಡಿತು.

ನೀರಿನ ಮೇಲಿನ ಹಾಲಿನಂಥ ತೆಳು ಪದರ ನೋಡಿದರೆ ಸಾಕು, ದುವಾ ಬೇರು ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ಅದನ್ನು ಜಜ್ಜಿ ನೀರಿಗೆ ಬಿಟ್ಟರೆ ಮೀನು ಉಸಿರು ಕಟ್ಟಿ ಮೇಲೇಳುತ್ತವೆ. ತಿನ್ನುವವರಿಗೇನೂ ಆಗುವುದಿಲ್ಲ. ಹಬ್ಬಕ್ಕೆ ಹೆಚ್ಚು ಮೀನು ಬೇಕಾದಾಗ ಬೆಟ್ಟದವರು ಹಾಗೇ ಹಿಡಿಯುವುದು. ನಕಲೌನವರು ತಮ್ಮ ಮಡುವಿಗೆ ಕಲ್ಲು, ಬಾಳೆದಿಂಡು ಅಡ್ಡ ಹಾಕಿ ಕಟ್ಟೆ ಕಟ್ಟಿ, ವಿಷ ಅಲ್ಲೇ ನಿಲ್ಲುವಂತೆ ಮಾಡಿದ್ದರು. ಬೆಟ್ಟದ ಮೇಲೆ ಮಳೆ ಸುರಿದು ಕಟ್ಟೆ ಒಡೆಯಿತು. ಅಷ್ಟೂ ನೀರು ಒಂದೇ ಸಲ ನಮ್ಮ ಮಡುವಿಗೆ ಇಳಿಯಿತು. ಬೇರು ಅಗೆಸಿ, ಕೂತಲ್ಲೇ ಕಲ್ಲಿನ ಮೇಲಿಟ್ಟು ಜಜ್ಜಿದವಳು ಕೆಲೆರಾ ಅಂತ ಆಮೇಲೆ ತಿಳಿಯಿತು. ಮಗಳ ಊಟಕ್ಕೆ ಡಬ್ಬಿ ಮೀನು ಬರಬಾರದಲ್ಲ.

ಅಪೋಲೋಸಿ ನೀರಿನ ಅಂಚಿಗೆ ಇಳಿದು ನೋಡಿದ. ಆಮೇಲೆ ಎಲ್ಲರಿಗೂ ಕೇಳಿಸುವಂತೆ ಹೇಳಿದ. 'ಸತ್ತವಳ ಪಾಲಿಗೆ ವಿಷ ಹಾಕಿದ ಊರಿಗೆ ನನ್ನ ಮೊಮ್ಮಗಳ ಮುಖ ಹೋಗಲ್ಲ. ನಾನು ಇರೋವರ್ಗೂ ಹೋಗಲ್ಲ.'

ಸೈಮೋನಿ, 'ಅಪ್ಪಾ' ಅಂದ. ಅಪ್ಪ ಮನೆಯ ದಾರಿ ಹಿಡಿದ.

ಮಧ್ಯಾಹ್ನದ ಮೊದಲೇ ನಕಲೌನವರು ಬಂದರು. ಸುದ್ದಿ ಅವರಿಗೆ ಯಾರೂ ಮುಟ್ಟಿಸಿರಲಿಲ್ಲ, ಒಡೆದ ಕಟ್ಟೆಯೇ ಹೇಳಿತ್ತು. ಮುಂದೆ ಮಿಲಿಯಾನಾಳ ಅಣ್ಣ ಎರೋನಿ, ಎರಡೂ ಕೈಯಲ್ಲಿ ತಿಮಿಂಗಿಲದ ಹಲ್ಲು. ಹಳೆಯದು, ಎಣ್ಣೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿದ್ದು, ನಾರಿನ ಹಗ್ಗ ಕಟ್ಟಿದ್ದು. ಹಿಂದೆ ಅವರ ಊರಿನ ಗಂಡಸರು. ಅಂಗಳದಲ್ಲಿ ಬರಿ ನೆಲದ ಮೇಲೆ ತಲೆ ತಗ್ಗಿಸಿ ಕೂತರು. ಕೆಲೆರಾ ಬಂದಿರಲಿಲ್ಲ. ಮನೆಯೊಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಾಳೆ, ನೀರೂ ಮುಟ್ಟುತ್ತಿಲ್ಲ ಅಂತ ಅವರಲ್ಲೊಬ್ಬ ನನಗೆ ಮೆಲ್ಲಗೆ ಹೇಳಿದ.

ತಪ್ಪನ್ನು ಹೂಳಲು ನಮ್ಮಲ್ಲಿರುವುದು ಇದೊಂದೇ ದಾರಿ. ತಪ್ಪು ಮಾಡಿದವರು ಹಲ್ಲು ಹಿಡಿದು ಕೂರಬೇಕು, ನೊಂದ ಮನೆಯವರು ಬಂದು ಅದನ್ನು ಕೈಗೆ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ಅಲ್ಲಿಗೆ ಮುಗಿಯಿತು, ಆಮೇಲೆ ಯಾರೂ ಆ ಮಾತು ಎತ್ತುವಂತಿಲ್ಲ. ಹೊತ್ತು ಮುಳುಗುವವರೆಗೆ ತೆಗೆದುಕೊಳ್ಳದಿದ್ದರೆ ಅವರು ಎದ್ದು ಹೋಗುತ್ತಾರೆ. ಆಮೇಲೆ ಎರಡು ಊರಿನ ನಡುವೆ ಹೆಣ್ಣಿಲ್ಲ, ಊಟವಿಲ್ಲ, ದಾರಿಯಿಲ್ಲ. ಕೆಲೆರಾಳಿಗೆ ಮೊಮ್ಮಗಳಿಲ್ಲ, ಲಿತಿಯಾಳಿಗೆ ಅಮ್ಮನ ಊರಿಲ್ಲ.

ಅಪೋಲೋಸಿ ಒಳಗೆ ಬಾಗಿಲಿಗೆ ಬೆನ್ನು ಹಾಕಿ ಕೂತ. ಬಿಸಿಲು ಅಂಗಳದ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಿತು. ಎರೋನಿಯ ತೋಳು ನಡುಗುತ್ತಿತ್ತು, ಹಲ್ಲನ್ನು ಕೆಳಗಿಡುವಂತಿಲ್ಲವಲ್ಲ. ಹೊಳೆಯ ಕಡೆಯಿಂದ ನಾತ ಬರಲು ಶುರುವಾಗಿತ್ತು.

ನಮ್ಮಣ್ಣನಿಗೆ ನಾಲ್ಕು ಮಾತು ಬಿಡಿಸಿ ಹೇಳುವವರು ಬೇಕಿತ್ತು. ನಾನು ಹೇಳುವಂತಿಲ್ಲ. ಮೈನೆರೆದ ಮೇಲೆ ಅಣ್ಣ ತಂಗಿ ಮುಖ ಕೊಟ್ಟು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಒಂದೇ ಅಂಗಳದಲ್ಲಿದ್ದರೂ ಅವನು ಬಂದರೆ ನಾನು ಪಕ್ಕಕ್ಕೆ ಸರಿಯುತ್ತೇನೆ, ನನಗೆ ಹೇಳಬೇಕಾದದ್ದನ್ನು ಅವನು ನಾಯಿಗೆ ಹೇಳುತ್ತಾನೆ. ನಾನು ಮಡಕೆಗೆ ಹೇಳುತ್ತೇನೆ. ಅದಕ್ಕೇ ಅಡಿಗೆಮನೆಯಿಂದ ಮಡಕೆ ತಂದು ಅವನ ಕಿಟಕಿಯ ಕೆಳಗೆ ಇಟ್ಟುಕೊಂಡು ಉಜ್ಜಲು ಕೂತೆ.

'ಏ ಮಡಕೆ, ಕೇಳಿಸ್ಕೋ,' ಅಂದೆ. 'ಡಬ್ಬಿ ಮೀನು ತರ್ಬೇಡಿ ಅಂದಿದ್ದು ಯಾರು? ನೀನೇ ತಾನೆ? ಪಾಪ, ಆ ಮುದುಕಿ ಮಂಡಿ ನೋವಲ್ಲಿ ಕೂತ್ಕೊಂಡು ಬೇರು ಜಜ್ಜಿದ್ದು ಯಾರ ಮಾತಿಗೆ? ಅವಳೇನು ದ್ವೇಷಕ್ಕೆ ಜಜ್ಜಿದ್ಲಾ? ಸತ್ತಿದ್ದು ಅವಳ ಹೊಟ್ಟೇಲಿ ಹುಟ್ಟಿದ್ದು ಕಣೋ. ಸಿಟ್ಟಲ್ಲಿ ಕುಯ್ಕೊಂಡ ಮೂಗು ಶಾಂತಿ ಆದ್ಮೇಲೆ ವಾಪಸ್ ಬರುತ್ತಾ?'

ಒಳಗಿಂದ ಕೆಮ್ಮು ಕೇಳಿಸಿತು. ಅಷ್ಟೇ. ಹಟದಲ್ಲಿ ಅವನು ನಮ್ಮಪ್ಪನ ಮಗ. ಕಲ್ಲು ಕರಗಿದರೂ ಅವನು ಕರಗುವವನಲ್ಲ. ಅವನಿಗೆ ದುಃಖ ಇರಲಿಲ್ಲ ಅಂತಲ್ಲ. ಮಿಲಿಯಾನಾ ಅವನಿಗೆ ಮಗಳಿಗಿಂತ ಹೆಚ್ಚಾಗಿದ್ದಳು, ಅವಳಿಗಾಗಿ ಮಾಡಿದ ಒಂದೇ ಕೆಲಸ ಹೀಗೆ ಹೊಟ್ಟೆ ಮೇಲಾಗಿ ತೇಲಿದ್ದನ್ನು ಅವನಿಗೆ ನುಂಗಲಾಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಆ ಹೊತ್ತಿಗೆ ಅವನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು.

ಲಿತಿಯಾ ನನ್ನ ಬೆನ್ನಿಗೆ ಜೋತುಬಿದ್ದು ಅಂಗಳದವರನ್ನು ನೋಡುತ್ತಿದ್ದಳು. 'ಅಜ್ಜಿ, ಅದ್ಯಾರು?'

'ನಿಮ್ಮಮ್ಮನ ಅಣ್ಣ. ನಿನ್ನ ಮಾವ.'

'ಕೈಲೇನದು?'

ಆಗ ಹೊಳೆಯಿತು ನನಗೆ. ಮಡಕೆ ಕೆಳಗಿಟ್ಟೆ. 'ಮಾವನ ಕೈಲಿರೋದೆಲ್ಲ ನಿಂದೇ ಕಂದಾ,' ಅಂದೆ. 'ಬೇಕಾ?'

'ಹೂಂ.'

'ಹಾಗಾದ್ರೆ ಹೋಗಿ ಇಸ್ಕೋ. ತಾತಂಗೆ ತೋರ್ಸು.'

ಅವಳು ಅಂಗಳ ದಾಟಿ ಎರೋನಿಯ ಮುಂದೆ ನಿಂತಳು. ತಂಗಿಯ ಮಗಳನ್ನು ಅವನು ನೋಡಿದ್ದು ಮಣ್ಣಿನ ದಿನ ಒಮ್ಮೆ. ಅವಳು ಕೈ ಚಾಚಿ, 'ಮಾವಾ, ಅದು ನಂಗೆ ಬೇಕು,' ಅಂದಳು.

ಎರೋನಿ ತಲೆ ಎತ್ತಿ ನನ್ನ ಕಡೆ ನೋಡಿದ. ಅರ್ಥವಾಯಿತು ಅವನಿಗೆ. ಅಕ್ಕತಂಗಿಯ ಮಕ್ಕಳು ಕೇಳಿದರೆ ಮಾವ ಕೊಡದೆ ಇರುವುದುಂಟೇ? ಅವನು ಹಲ್ಲನ್ನು ಅವಳ ತೋಳಿನ ಮೇಲಿಟ್ಟು ಹಗ್ಗವನ್ನು ಕೊರಳಿಗೆ ಹಾಕಿದ. ಅವಳು ಭಾರಕ್ಕೆ ವಾಲಾಡುತ್ತ, ಹೊಟ್ಟೆಗವಚಿಕೊಂಡು ಮೆಟ್ಟಿಲು ಹತ್ತಿದಳು.

'ತಾತಾ ನೋಡು, ಮಾವ ಕೊಟ್ಟ. ಹಿಡ್ಕೋ, ಬೀಳ್ತದೆ.'

ನಾನು ಕಿಟಕಿಗೆ ಕಿವಿಗೊಟ್ಟೆ. ಆಮೇಲೆ ನೆಲದ ಹಲಗೆ ಕಿರುಗುಟ್ಟಿತು. ಅಪೋಲೋಸಿ ಬಾಗಿಲಿಗೆ ಬಂದ. ಒಂದು ತೋಳಿನಲ್ಲಿ ಮೊಮ್ಮಗಳು, ಇನ್ನೊಂದು ಕೈಯಲ್ಲಿ ಹಲ್ಲು. ಕಣ್ಣು ಕೆಂಪಾಗಿತ್ತು.

'ತಗೊಂಡಿದೀನಿ,' ಅಂದ. 'ಮೇಲೆ ಬಂದು ಕೂತ್ಕೊಳಿ. ಬಿಸಿಲು.'

ಹಲ್ಲು ಕೈ ಸೇರಿದ್ದಕ್ಕೆ ಪದ್ಧತಿಯಂತೆ ಅಂಗಳದಲ್ಲಿ ಮೂರು ಸಲ ಮೆಲ್ಲನೆ ಚಪ್ಪಾಳೆ ಬಿತ್ತು. ಎರೋನಿ ಮುಖ ಮುಚ್ಚಿಕೊಂಡ. ಅಪೋಲೋಸಿ ನಾಯಿಯನ್ನು ನೋಡಿ, 'ಈ ಮನೇಲಿ ಮಡಕೆಗೆ ಬಾಯಿ ಜಾಸ್ತಿ ಆಯ್ತು,' ಅಂದ. ನಾಯಿ ಬಾಲ ಅಲ್ಲಾಡಿಸಿತು.

ಮಾರನೇ ದಿನ ಗರಿಯ ಗಂಟು ಬಿಚ್ಚಿದೆವು. ಮೊದಲ ಕೆಲಸ ಕೊಳೆತ ಮೀನು ಬಾಚಿ ಹೂಳುವುದು. ಎರಡೂ ಊರಿನವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಟ್ಟಿಗೆ ಬಾಚಿದರು. ನಕಲೌನವರು ಹಿಡಿದಿದ್ದ ಮೀನನ್ನೂ ಯಾರಿಗೂ ತರುವ ಮನಸ್ಸಾಗಿರಲಿಲ್ಲ. ಊಟಕ್ಕೆ ಕೆಸವಿನ ಗೆಡ್ಡೆ, ಮರಗೆಣಸು, ಅಂಗಡಿಯಿಂದ ತಂದ ಡಬ್ಬಿ ಮೀನು. ಅಪೋಲೋಸಿಯೇ ಮೊದಲ ಡಬ್ಬಿ ಒಡೆದು ಎರೋನಿಯ ಎಲೆಗೆ ಬಡಿಸಿದ. ಯಾರೂ ನಗಲಿಲ್ಲ. ಮಿಲಿಯಾನಾ ಇದ್ದಿದ್ದರೆ ಅವಳೊಬ್ಬಳು ನಗುತ್ತಿದ್ದಳು.

ಆಡಿದ ಮಾತಿನಂತೆ ಅದರ ಮಾರನೇ ದಿನ ಮುಖ ತೋರಿಸಲು ಹೊರಟೆವು. ನಕಲೌನ ಹೆಂಗಸರು ಊರ ಬಾಗಿಲಿನಿಂದ ಮನೆಯವರೆಗೆ ತೊಗಟೆ ಬಟ್ಟೆ ಹಾಸಿದ್ದರು. ಲಿತಿಯಾ ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ಕೊರಳಿಗೆ ಹೂ ಹಾಕಿಕೊಂಡು ಅದರ ಮೇಲೆ ನಡೆದಳು. ಕೆಲೆರಾಳನ್ನು ಹಿಡಿದೆತ್ತಿ ಬಾಗಿಲಲ್ಲಿ ಕೂರಿಸಿದ್ದರು. ಆ ಎರಡು ದಿನದಲ್ಲಿ ಅವಳು ಅರ್ಧ ಆಗಿದ್ದಳು. ಮಗುವಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ಬಹಳ ಹೊತ್ತು ನೋಡಿದಳು.

'ಮೂಗು ನಿಮ್ಮದೇ, ಬೀಗತಿ,' ಅಂದಳು ನನಗೆ. 'ಏನ್ಮಾಡೋದು, ಬೆಳೀತಾ ಸರಿಹೋಗ್ಬೋದು.'

'ಬಾಯಿ ನಿಮ್ಮದು. ಅದು ಸರಿಹೋಗಲ್ಲ,' ಅಂದೆ ನಾನು.

ಬಂದವರಿಗೆ ಮರ್ಯಾದೆಗೆಂದು ಕೊಡುವ ಯಂಗೋನ ಬೇರಿನ ನೀರು ಕುಡಿದಾದ ಮೇಲೆ ಎರೋನಿ ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ ಕೇಳಿದ. ಕೇಳುವುದು ಪದ್ಧತಿ. ಹಂದಿಮರಿಯನ್ನೋ ಚಾಪೆಯನ್ನೋ ತೋರಿಸುತ್ತಾರೆ, ಮಕ್ಕಳು ಬಾಯಿಗೆ ಬಂದದ್ದು ಕೇಳುತ್ತಾರೆ, ಎಲ್ಲರೂ ನಗುತ್ತಾರೆ. 'ಈ ಊರಲ್ಲಿರೋದೆಲ್ಲ ನಿಂದು ಮಗಳೇ. ಏನು ಬೇಕು, ಹೇಳು.'

ಲಿತಿಯಾ ಸುತ್ತ ನೋಡಿದಳು. ಬಂದಾಗಿನಿಂದ ಅವಳು ಒಂದೊಂದು ಬಾಗಿಲಲ್ಲೂ ಇಣುಕಿ ನೋಡುತ್ತಿದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು.

'ಅಮ್ಮ ಬೇಕು,' ಅಂದಳು. 'ಅಮ್ಮ ಇಲ್ಲಿದ್ದಾಳಂತಲ್ಲ. ಕೊಡಿ.'

ಸೈಮೋನಿ ಎದ್ದು ಹೊರಗೆ ಹೋದ. ಸೋದರಮಾವ ಇಲ್ಲ ಅನ್ನುವಂತಿಲ್ಲ, ಹೂಂ ಅನ್ನುವುದಕ್ಕೂ ಇಲ್ಲ. ನಾವು ಸಾಕಿದ ಸುಳ್ಳು ನಮ್ಮೆದುರಿಗೇ ಬಂದು ಕೈ ಚಾಚಿ ನಿಂತಿತ್ತು, ನನಗೆ ತಲೆ ಎತ್ತಲಾಗಲಿಲ್ಲ.

ಕೆಲೆರಾ ಮಗುವನ್ನು ಹತ್ತಿರ ಎಳೆದುಕೊಂಡಳು. 'ಅವಳನ್ನ ಆಗ್ಲೇ ನಿಮ್ಮೂರಿಗೆ ಕೊಟ್ಟಾಯ್ತಲ್ಲ ಕಂದಾ. ಮದುವೇಲಿ ಕೊಟ್ವಿ. ಅವಳು ಅಲ್ಲೇ ಇದ್ದಾಳೆ.'

'ಎಲ್ಲಿ?'

'ನಾನು ಬಂದ್ರೆ ತೋರಿಸ್ತೀನಿ.'

ಮಗು ಎರೋನಿಯ ಕಡೆ ತಿರುಗಿತು. 'ಈ ಅಜ್ಜೀನೂ ನಂದಾ?'

'ನಿಂದೇ,' ಅಂದ ಅವನು. ಬೇರೆ ಏನು ಅಂದಾನು?

'ಹಾಗಾದ್ರೆ ನಂಗೆ ಇವಳು ಬೇಕು,' ಅಂದು ಲಿತಿಯಾ ಅವಳ ಕೈ ಹಿಡಿದು ಎಳೆದಳು.

ತಮ್ಮೂರ ಹಿರಿಯ ಹೆಂಗಸನ್ನು ಬೀಗರ ಮನೆಗೆ ಯಾರು ಕಳಿಸುತ್ತಾರೆ? ಆದರೂ ಆ ಊರಲ್ಲಿ ಯಾರೂ ಬೇಡ ಅನ್ನಲಿಲ್ಲ, ಕೇಳಿದವಳು ಅವರ ಮಗಳ ಮಗಳು. ಅವತ್ತು ಸಂಜೆಗೆ ಮುಂಚೆಯೇ ತೆಪ್ಪದ ಮೇಲೆ ಚಾಪೆ ಹಾಸಿ ಕೆಲೆರಾಳನ್ನು ಕೂರಿಸಿದರು. ಹೊಳೆ ಕೆಳಗಿಳಿಯುವಾಗ ಅವಳು ನೀರಿಗೆ ಕೈ ಹಾಕಲಿಲ್ಲ. ಕರಿಬಂಡೆ ಬಂದಾಗ ಕಣ್ಣು ಮುಚ್ಚಿಕೊಂಡಳು, ಮಾವಿನ ಮರ ದಾಟಿದ ಮೇಲೆ ಬಿಟ್ಟಳು.

ಅಪೋಲೋಸಿ ತಾನೇ ಅವಳನ್ನು ಎತ್ತಿಕೊಂಡು ಮನೆಯ ಹಿಂದಕ್ಕೆ ಬಂದ. ತಂಬು ಎತ್ತಿದ ದಿನ ಗೋರಿಯ ಸುತ್ತ ಹೊಳೆಯ ಕಲ್ಲು ಜೋಡಿಸಿ, ಮೇಲೆ ತೊಗಟೆ ಬಟ್ಟೆ ಹೊದಿಸಿದ್ದೆವು. ಕೆಲೆರಾ ಅದರ ಪಕ್ಕ ಕೂತು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

'ಇಲ್ಲಿದ್ದಾಳೆ ನಿಮ್ಮಮ್ಮ.'

'ಮಲಗಿದ್ದಾಳಾ?'

'ಇಲ್ಲ ಕಂದಾ. ಸತ್ತುಹೋಗಿದ್ದಾಳೆ. ಇನ್ನು ಏಳಲ್ಲ. ನಂಗೂ ಅವಳು ಬೇಕು. ನಂಗೂ ಸಿಗಲ್ಲ.'

ಲಿತಿಯಾ ಕಲ್ಲನ್ನು ಮುಟ್ಟಿ ನೋಡಿದಳು. ಇಷ್ಟು ದಿನ ಅದರ ಪಕ್ಕದಲ್ಲೇ ಅವಳು ಕೋಳಿ ಅಟ್ಟಿಕೊಂಡು ಆಡಿದ್ದಳು. ಆಮೇಲೆ ಅಜ್ಜಿಯ ಎದೆಗೆ ಮುಖ ಒತ್ತಿ ಅತ್ತಳು. ತಾಯಿ ಹೋದ ಮೇಲೆ ಆ ಮಗು ಅವಳಿಗಾಗಿ ಅತ್ತದ್ದು ಅದೇ ಮೊದಲು. ಅದನ್ನು ಕೇಳಲಾರದೆ ನಾನು ಮುಖ ತಿರುಗಿಸಿದರೆ ಪಕ್ಕದಲ್ಲಿ ಅಪೋಲೋಸಿ ನಿಂತಿದ್ದ, ನಾನು ಸರಿಯಲಿಲ್ಲ, ಅವನೂ ಸರಿಯಲಿಲ್ಲ. ಕತ್ತಲಾಗುವವರೆಗೆ ನಾವಿಬ್ಬರೂ ಅಲ್ಲೇ ಇದ್ದೆವು.

ಕೆಲೆರಾ ಈಗಲೂ ನನ್ನ ಗುಡಿಸಲಲ್ಲೇ ಇದ್ದಾಳೆ. ನನ್ನ ಅಡಿಗೆಗೆ ಉಪ್ಪು ಜಾಸ್ತಿ ಅಂತ ದಿನಾ ಬೈಯುತ್ತಾಳೆ.